ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕ: ಮಕ್ಕಳ ಗ್ರಂಥಪಾಲಕಿಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಾಯಿ): ಮೇಡಂ, ಮಗಳಿಗೆ ಎರಡೂವರೆ ವರ್ಷ. ಅಂಗಡಿಗೆ ಹೋದರೆ ಅ ಆ ಇ ಈ, ಹಣ್ಣು, ಪ್ರಾಣಿ, ವಾಹನ, ಇಂಥವೇ ಕೊಡ್ತಾರೆ. ನಾಲ್ಕೈದು ತಂದಿದ್ದೀನಿ. ಹೆಸರೆಲ್ಲ ಪಟಪಟ ಹೇಳಿ ಪುಸ್ತಕ ಪಕ್ಕಕ್ಕಿಡ್ತಾಳೆ. ಕಥೆ ಪುಸ್ತಕ ಈಗಲೇ ಕೊಡಬಹುದಾ? ಹೇಗೆ ಆರಿಸೋದು?

ಉತ್ತರ: ಈಗಲೇ ಕೊಡಿ. ಹಣ್ಣಿನ ಪುಸ್ತಕದಲ್ಲಿ ಹೆಸರು ಹೇಳಿ ಮುಗಿಸಿದ ಮೇಲೆ ಮಗುವಿಗೆ ಮಾಡೋಕೆ ಏನೂ ಉಳಿಯಲ್ಲ, ಅದಕ್ಕೇ ಪಕ್ಕಕ್ಕಿಡ್ತಾಳೆ. ಅವಳ ಲೆಕ್ಕ ಸರಿಯಾಗಿಯೇ ಇದೆ.

ಅಂಗಡಿಯಲ್ಲೇ ನಿಂತು ಎರಡು ಕೆಲಸ ಮಾಡಿ. ಮೊದಲು ಅಕ್ಷರದ ಮೇಲೆ ಕೈಯಿಟ್ಟು, ಬರೀ ಚಿತ್ರ ನೋಡ್ತಾ ಪುಟ ತಿರುವಿ. ಏನು ನಡೀತಿದೆ ಅಂತ ಸುಮಾರಾಗಿಯಾದರೂ ತಿಳೀಬೇಕು. ಆಮೇಲೆ ಕೈ ತೆಗೆದು ಓದಿ. ಮಾತು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಅದು ಸಾಧಾರಣ ಪುಸ್ತಕ. ಮಾತಿನಲ್ಲಿ ಇಲ್ಲದ್ದು ಚಿತ್ರದಲ್ಲಿ ಸಿಕ್ಕರೆ ಕೊಂಡುಬಿಡಿ. ‘ಬೆಕ್ಕು ಎಲ್ಲಿ ಹೋಯ್ತೋ’ ಅಂತ ಮಾತಿದೆ, ಚಿತ್ರದಲ್ಲಿ ಅಕ್ಕಿ ಡಬ್ಬದ ಹಿಂದೆ ಬಾಲ ಇಣುಕುತ್ತಿದೆ ಅಂದುಕೊಳ್ಳಿ. ಓದುವ ಅಮ್ಮನಿಗಿಂತ ಮೊದಲು ಆ ಬಾಲ ಮಗುವಿಗೆ ಕಂಡಿರುತ್ತೆ! ಅಕ್ಷರ ಬರದ ಮಗು ಅಲ್ಲಿ ದೊಡ್ಡವರಿಗಿಂತ ಮುಂದಿರುತ್ತೆ. ಚಿತ್ರಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ.

ಎರಡನೆಯದು, ಒಂದೆರಡು ಪುಟ ಗಟ್ಟಿಯಾಗಿ ಓದಿ. ಅಂಗಡಿಯವರು ನೋಡಿದರೆ ನೋಡಲಿ. ನಿಮ್ಮ ನಾಲಿಗೆಯೇ ತೊಡರಿದರೆ ಆ ಪುಸ್ತಕವನ್ನು ಮನೆಯಲ್ಲಿ ಹತ್ತು ಸಲ ಓದಲಾರಿರಿ. ಅನುವಾದದ ಪುಸ್ತಕಗಳಲ್ಲಿ ಈ ತೊಂದರೆ ಹೆಚ್ಚು. ಮೂಲದಲ್ಲಿ ಪ್ರಾಸವಿದ್ದ ಕಡೆ ಕನ್ನಡದಲ್ಲಿ ಬರೀ ಉದ್ದದ ವಾಕ್ಯ ಉಳಿದಿರುತ್ತೆ.

ನಿಮ್ಮ ಮಗಳ ವಯಸ್ಸಿಗೆ ಪುಟಕ್ಕೆ ಒಂದೆರಡು ಸಾಲು ಸಾಕು. ದಪ್ಪ ರಟ್ಟಿನ ಹಾಳೆಯದ್ದು ಸಿಕ್ಕರೆ ಒಳ್ಳೆಯದು. ತೆಳು ಪುಸ್ತಕವಾದರೆ ನಡುವಿನ ಪಿನ್ ಸಡಿಲವಾಗಿದೆಯಾ ಅಂತ ನೋಡಿಕೊಳ್ಳಿ, ಇನ್ನೂ ಬಾಯಿಗಿಡುವ ವಯಸ್ಸು.

ಅವರೇ: ಕೊನೇಲಿ ನೀತಿ ಇರಬೇಕು ಅಂತಾರೆ ನಮ್ಮತ್ತೆ.

ಉತ್ತರ: ಕೊನೆಯ ಪುಟದಲ್ಲಿ ‘ಆದ್ದರಿಂದ ಮಕ್ಕಳೇ’ ಅಂತ ಶುರುವಾಗುವ ಪುಸ್ತಕವನ್ನು ನಾನು ಕಪಾಟಿಗೆ ಸೇರಿಸಲ್ಲ. ತಮ್ಮನಿಗೆ ರೊಟ್ಟಿ ಮುರಿದು ಕೊಟ್ಟ ಅಕ್ಕನನ್ನು ಚಿತ್ರದಲ್ಲಿ ನೋಡಿದ ಮಗುವಿಗೆ ಹಂಚಿ ತಿನ್ನುವುದು ಅರ್ಥವಾಗಿಯೇ ಇರುತ್ತೆ. ಅತ್ತೆಯವರ ಕೈಗೂ ಒಂದು ಪುಸ್ತಕ ಕೊಟ್ಟು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿ. ಅವರಿಗೂ ಇಷ್ಟವಾಗುತ್ತೆ.

ಪ್ರಶ್ನೆ (ಧಾರವಾಡದಿಂದ ಒಬ್ಬ ಅಜ್ಜ): ನಮ್ಮ ಮೊಮ್ಮಗ ದಿನಾ ಒಂದ ಪುಸ್ತಕ ಹಿಡಕೊಂಡು ಬರ್ತಾನ್ರೀ. ಬ್ಯಾರೇದು ತಗದ್ರ ಮುಚ್ಚಿ ಇಡ್ತಾನ. ಹಿಂಗಾದ್ರ ಹೊಸಾದು ಹೆಂಗ ಕಲೀತಾನ?

ಉತ್ತರ: ಅಜ್ಜಾರೇ, ಅದನ್ನೇ ಓದಿ. ಮುಂದೇನು ಬರುತ್ತೆ ಅಂತ ಗೊತ್ತಿರೋದೇ ಅವನಿಗೆ ಖುಷಿ. ಓದುವಾಗ ವಾಕ್ಯದ ಕೊನೇ ಪದ ಬಿಟ್ಟು ಸುಮ್ಮನಾಗಿ, ಅವನೇ ತುಂಬುತ್ತಾನೆ. ‘ಇದು ಏನು?’ ಅನ್ನೋದಕ್ಕಿಂತ ‘ಇವನು ಯಾಕೆ ಅಳ್ತಿದ್ದಾನೆ?’ ಅಂತ ಕೇಳಿ. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಚಾರದ್ದು. ಓದುವಾಗ ಹೀಗೆ ಬಿಡಿಸಿ ಕೇಳುತ್ತಾ, ಮಗು ಹೇಳಿದ ಮಾತನ್ನು ಇನ್ನಷ್ಟು ಬೆಳೆಸುತ್ತಾ ಹೋದ ಮನೆಗಳ ಎರಡು–ಮೂರು ವರ್ಷದ ಮಕ್ಕಳು, ಸುಮ್ಮನೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಿದ್ದರು.

ಪ್ರಶ್ನೆ (ಜರ್ಮನಿಯಲ್ಲಿರುವ ಒಬ್ಬ ತಂದೆ): ನಾಲ್ಕು ವರ್ಷದ ಮಗ ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡ್ತಾನೆ. ಆದರೆ ಕನ್ನಡ ಪುಸ್ತಕ ಓದಿದರೆ ‘ಅಪ್ಪಾ, ಸರಿಯಾಗಿ ಹೇಳು’ ಅಂತಾನೆ. ‘ಹೋಗುತ್ತಿದ್ದಾನೆ’ ಅನ್ನೋದು ಅವನ ಕಿವಿಗೆ ಹೊಸದು.

ಉತ್ತರ: ಹಾಗಾದರೆ ‘ಹೋಗ್ತಿದಾನೆ’ ಅಂತಲೇ ಓದಿ ಸರ್. ನಿಮ್ಮದು ಕುಂದಾಪುರದ ಮನೆಯಾದರೆ ಕುಂದಾಪುರದ ಮಾತಿನಲ್ಲೇ ಹೇಳಿ. ಗ್ರಾಂಥಿಕ ರೂಪ ಕಥೆ ರೂಢಿಯಾದ ಮೇಲೆ ತಾನೇ ಬರುತ್ತೆ; ಐದಾರು ಓದಿನ ನಂತರ ಅಲ್ಲೊಂದು ಇಲ್ಲೊಂದು ವಾಕ್ಯವನ್ನು ಪುಸ್ತಕದಲ್ಲಿ ಇದ್ದ ಹಾಗೇ ಓದಿ.

ಮಾತೇ ಇಲ್ಲದ ಚಿತ್ರಕಥೆಗಳು ನಿಮ್ಮಂಥ ಮನೆಗೆ ವರ. ಅಲ್ಲಿನ ಗ್ರಂಥಾಲಯದಿಂದಲೇ ತನ್ನಿ, ಕಥೆಯನ್ನು ಕನ್ನಡದಲ್ಲಿ ನೀವೇ ಹೇಳಿ. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡ–ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕ ತರುತ್ತದೆ. ಅವನ್ನು ಓದುವಾಗ ಒಂದು ಸಲ ಕೂತರೆ ಒಂದೇ ಭಾಷೆ. ಸಾಲುಸಾಲಿಗೂ ಎರಡು ಭಾಷೆಯಾದರೆ ಕಥೆ ಓಡುವುದೇ ಇಲ್ಲ.

ಪ್ರಶ್ನೆ (ಅಂಗನವಾಡಿ ಟೀಚರ್, ರಾಯಚೂರು ಜಿಲ್ಲೆ): ಅಕ್ಕಾ, ನಮ್ಮಲ್ಲಿ ಇಪ್ಪತ್ತು ಮಕ್ಕಳು, ಪುಸ್ತಕ ಕಡಿಮೆ. ಹರಿದುಬಿಡ್ತಾರೆ ಅಂತ ಬೀರುವಿನಲ್ಲೇ ಇಟ್ಟಿರ್ತೀವಿ. ಹೊಸದು ತಗೊಳ್ಳೋಕೆ ದುಡ್ಡಿಲ್ಲ. ಏನು ಮಾಡಲಿ?

ಉತ್ತರ: ಟೀಚರ್, ದಯವಿಟ್ಟು ಬೀರು ತೆಗೆಯಿರಿ. ಹರಿದರೆ ಸೆಲ್ಲೋಟೇಪ್ ಇದೆ. ಗೋಡೆಗೆ ಮಕ್ಕಳ ಎತ್ತರದಲ್ಲಿ ಒಂದು ಹಗ್ಗ ಕಟ್ಟಿ, ಮುಖಪುಟ ಕಾಣುವಂತೆ ಪುಸ್ತಕಗಳನ್ನು ನೇತುಹಾಕಿ. ಓದಲು ಬಾರದ ಮಗು ಪುಸ್ತಕ ಗುರುತಿಸೋದು ಮುಖಪುಟದ ಚಿತ್ರದಿಂದ. ಬೆನ್ನು ಮಾತ್ರ ಕಾಣುವಂತೆ ಜೋಡಿಸಿಟ್ಟರೆ ಅದಕ್ಕೆ ಎಲ್ಲವೂ ಒಂದೇ.

ಗುಂಪಿಗೆ ಓದಲು ದೊಡ್ಡ ಆಕಾರದ, ಚಿತ್ರ ತುಂಬಾ ಕಿಕ್ಕಿರಿದಿಲ್ಲದ ಪುಸ್ತಕ ಬೇಕು. ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆಯಾದರೆ ಇನ್ನೂ ಒಳ್ಳೆಯದು, ಮೂರನೇ ಪುಟಕ್ಕೆ ಎಲ್ಲರೂ ಒಟ್ಟಿಗೆ ಕೂಗ್ತಾರೆ. ಅರ್ಧಚಂದ್ರಾಕಾರವಾಗಿ ಕೂರಿಸಿ, ಪುಸ್ತಕವನ್ನು ನಿಮ್ಮ ಪಕ್ಕಕ್ಕೆ, ಅವರ ಕಡೆಗೆ ತಿರುಗಿಸಿ ಹಿಡಿಯಿರಿ. ಸಾಲು ನೆನಪಿದ್ದರೆ ನಿಮ್ಮ ಕಣ್ಣು ಮಕ್ಕಳ ಮೇಲೇ ಇರುತ್ತೆ, ಆದ್ದರಿಂದ ಹಿಂದಿನ ರಾತ್ರಿ ಒಮ್ಮೆ ಓದಿಕೊಂಡು ಬನ್ನಿ. ಪುಸ್ತಕ ಚಿಕ್ಕದಾದರೆ ಹತ್ತತ್ತು ಮಕ್ಕಳಿಗೆ ಎರಡು ಸಲ ಓದಿ.

ದುಡ್ಡಿಲ್ಲದೆ ಸಿಗುವವು: ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಅಲ್ಲಿ ಯಾರು ಬೇಕಾದರೂ ಅನುವಾದ ಸೇರಿಸಬಹುದು, ಹಾಗಾಗಿ ಮೊದಲು ನೀವೇ ಪೂರ್ತಿ ಓದಿ. 1ರಿಂದ 4ರವರೆಗೆ ಮಟ್ಟ ಹಾಕಿದ್ದಾರೆ, ಅದು ಮಗು ತಾನೇ ಓದುವ ಮಟ್ಟ. ನೀವು ಓದಿ ಹೇಳುವುದಾದರೆ ಎರಡನೇ ಮಟ್ಟದ್ದನ್ನೂ ನಿಮ್ಮ ಮಕ್ಕಳು ಕೇಳ್ತಾರೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯ ಕನ್ನಡ ಪುಸ್ತಕಗಳು ಕಡಿಮೆ ಬೆಲೆಯವು.

ನಿಮ್ಮ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೂ ಹೋಗಿ ಕೇಳಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟರು. ನಿಮ್ಮ ಪುಟಾಣಿಗಳಿಗೆ ಆ ವಯಸ್ಸಾಗಿಲ್ಲ, ಆದರೆ ಅವರ ಅಕ್ಕ–ಅಣ್ಣಂದಿರಿಗೆ ಆಗಿದೆಯಲ್ಲ. ಅವರ ಹೆಸರಲ್ಲಿ ತರಿಸಿ, ಶನಿವಾರ ಅವರಿಂದಲೇ ಒಂದು ಪುಸ್ತಕ ಓದಿಸಿ.

ಅವರೇ: ಹಗ್ಗ ಇವತ್ತೇ ಕಟ್ತೀನಿ ಅಕ್ಕಾ. ಕ್ಲಿಪ್ ಯಾವುದು ಹಾಕಲಿ?

ಉತ್ತರ: ಕ್ಲಿಪ್ ಬೇಡ ಟೀಚರ್, ಮಕ್ಕಳು ಎಳೆದರೆ ಪುಟ ಹರಿಯುತ್ತೆ. ಪುಸ್ತಕದ ನಡುಪುಟ ತೆರೆದು ಹಗ್ಗದ ಮೇಲೆ ಹಾಗೇ ಕವುಚಿ ಹಾಕಿ.