ಡಬ್ಬಿ ಕ್ಯಾಮೆರಾದಲ್ಲಿ ಪೇಪರ್ ಪೂರ್ತಿ ಕಪ್ಪಾಗುತ್ತಿದೆ, ಯಾಕೆ?

ಕಡಲತಡಿ:
ಬಿಸ್ಕತ್ತಿನ ತಗಡಿನ ಡಬ್ಬಿಯ ಒಳಗೆ ಕಪ್ಪು ಬಣ್ಣ ಬಳಿದು, ಸೂಜಿಯಿಂದ ತೂತು ಹಾಕಿ ಪಿನ್‌ಹೋಲ್ ಕ್ಯಾಮೆರಾ ಮಾಡಿದ್ದೇನೆ. ತೂತಿನಿಂದ ಪೇಪರಿಗೆ 8 ಸೆಂ.ಮೀ. ದೂರ. ನಿನ್ನೆ ಕಾರವಾರದ ಟಾಗೋರ್ ಬೀಚಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಪ್ಪು-ಬಿಳುಪು ಫೋಟೊ ಪೇಪರ್ ಹಾಕಿ 5 ನಿಮಿಷ ತೆರೆದಿಟ್ಟೆ. ಡೆವಲಪ್ ಮಾಡಿದರೆ ಎಲ್ಲ ಕಪ್ಪು, ಒಂದು ಮೂಲೆಯಲ್ಲಿ ಮಾತ್ರ ಗಾಳಿಮರದ ಆಕಾರ ಮಸುಕಾಗಿ ಕಾಣುತ್ತದೆ.

ಶಿರಸಿ ಕಡೆಯವ:
5 ನಿಮಿಷ ತುಂಬಾ ಜಾಸ್ತಿ, ಬೆಳಕು ಹೆಚ್ಚು ಬಿದ್ದಷ್ಟೂ ಈ ಪೇಪರ್ ಕಪ್ಪಾಗುತ್ತದೆ. 8 ಸೆಂ.ಮೀ.ಗೆ ತೂತು ಸುಮಾರು 0.4 ಮಿ.ಮೀ. ಇರಬೇಕು, ಅಂದರೆ ಎಫ್/200 (ದೂರ ತೂತಿನ ಅಗಲದ 200 ಪಟ್ಟು). ಪೇಪರಿನ ವೇಗ, ಅಂದರೆ ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಅನ್ನೋ ಅಳತೆ, ಐಎಸ್‌ಒ 6ರ ಆಸುಪಾಸು ಅಂತ ಹಿಡಿದರೆ ಒಳ್ಳೆ ಬಿಸಿಲಿಗೆ ಅರ್ಧ ನಿಮಿಷ ಸಾಕು. ಡಬ್ಬಿಯ ತಗಡಿಗೇ ತೂತು ಹೊಡೆದಿದ್ದೀರಾ? ಅದು ದಪ್ಪ. ತಂಪು ಪಾನೀಯದ ಕ್ಯಾನಿನಿಂದ ಒಂದು ತುಂಡು ಕತ್ತರಿಸಿ, ಸೂಜಿಯ ತುದಿ ಮಾತ್ರ ಒತ್ತಿ, ಹಿಂದೆ ಎದ್ದ ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ. ಹೀಗೆ ಮಾಡಿದ ಮೇಲೇ ನಮ್ಮ ಅಡಿಕೆ ತೋಟದ ಫೋಟೊ ಚೆನ್ನಾಗಿ ಬಂದಿದ್ದು, ಆ ದಿನದ ಖುಷಿ ಮರೆಯೋದಿಲ್ಲ.

ಕಾಳಿ ದಂಡೆ:
ಮುಚ್ಚಳದ ಸಂದಿಯಿಂದಲೂ ಬೆಳಕು ಸೋರುತ್ತದೆ ಅಲ್ವಾ? ತೂತು ಮುಚ್ಚಿ ಡಬ್ಬಿಯನ್ನು ಸುಮ್ನೆ ಬಿಸಿಲಿಗಿಟ್ಟು ಆ ಪೇಪರ್ ಡೆವಲಪ್ ಮಾಡಿ. ಬಿಳಿಯಾಗೇ ಉಳಿದರೆ ಸೋರಿಕೆ ಇಲ್ಲ. ಬೀಚಿನ ಗಾಳಿಗೆ ಅಲುಗದಂತೆ ಮೇಲೊಂದು ಕಲ್ಲಿಡಿ.

ಕಡಲತಡಿ:
ತಗಡಿಗೇ ಹೊಡೆದಿದ್ದೆ. ಭಾನುವಾರ ಕ್ಯಾನಿನ ತುಂಡು ಹಾಕಿ 30 ಸೆಕೆಂಡ್ ಇಟ್ಟು ನೋಡುತ್ತೇನೆ.