ಪೋರ್ಷೆ, ಲ್ಯಾಂಬೋರ್ಗಿನಿ, ರೋಲ್ಸ್ ರಾಯ್ಸ್ ಎಲ್ರೂ ಎಂತಕ್ಕೆ ಎಸ್‌ಯುವಿ ಮಾಡ್ತಿದ್ದಾರೆ? ನಮ್ಮ ಮಲೆನಾಡ್ ರೋಡಿಗೆ ಇವು ಆಗ್ತಾವಾ?

ತೀರ್ಥಹಳ್ಳಿ_ತೋಟ

ಎಲ್ರಿಗೂ ನಮಸ್ಕಾರ. ಮನೇಲಿ ಈಗ ಊಟಕ್ಕೆ ಕೂತ್ರೂ ಇದೇ ಮಾತು, ಅದಕ್ಕೆ ಇಲ್ಲಿ ಕೇಳ್ತಿದೀನಿ. ಅಡಿಕೆ ದುಡ್ಡು ಬಂದಿದೆ, ಹಳೇ ಬೊಲೆರೊ ಕೊಟ್ಟು ದೊಡ್ಡ ಗಾಡಿ ಒಂದು ತಗೊಳ್ಳೋಣ ಅಂತ. ಅಪ್ಪಯ್ಯಂಗೆ ಫಾರ್ಚೂನರ್ರೇ ಆಗಬೇಕು. ಅಣ್ಣ ಬೆಂಗಳೂರಲ್ಲಿರೋದು, ಅವನು ಹೊಸ ಫಾರ್ಚೂನರ್ ದುಡ್ಡಲ್ಲಿ ಅರ್ಧಕ್ಕೆ ಸೆಕೆಂಡ್ ಹ್ಯಾಂಡ್ ಆಡಿ ಕ್ಯೂ7 ಬರ್ತದೆ, 2016ರ ಡೀಸೆಲ್, ದೆಹಲಿ ಗಾಡಿ, ಲ್ಯಾಂಬೋರ್ಗಿನಿ ಉರುಸ್ ಇರೋದೂ ಅದೇ ಪ್ಲಾಟ್‌ಫಾರ್ಮ್ (ಗಾಡಿಯ ಬುನಾದಿ) ಮೇಲೆ, ಅಂಥ ಗಾಡಿ ಬಿಟ್ಟು ಫಾರ್ಚೂನರ್ ಯಾರಾದ್ರೂ ತಗೊಳ್ತಾರಾ ಅಂತಾನೆ.

ನಂಗೆ ಎರಡು ಪ್ರಶ್ನೆ. ಒಂದು, ಸ್ಪೋರ್ಟ್ಸ್ ಕಾರು, ರಾಜರ ಕಾರು ಮಾಡ್ತಿದ್ದ ಕಂಪನಿಗಳೆಲ್ಲ ಒಟ್ಟಿಗೇ ಎಸ್‌ಯುವಿ ಕಡೆ ಯಾಕೆ ತಿರುಗಿದ್ದು. ಎರಡು, ಆ ಎಸ್‌ಯುವಿ ನಿಜವಾಗ್ಲೂ ಮಣ್ಣು ರಸ್ತೆ, ಘಾಟಿ, ಮಳೆಗೆ ಅಂತ ಮಾಡಿದ್ದಾ ಅಥವಾ ಎತ್ತರ ಮಾತ್ರ ಎಸ್‌ಯುವಿದಾ. ನಮ್ಮನೆಗೆ ಮೇನ್ ರೋಡಿಂದ ಒಳಗೆ ಜಂಬಿಟ್ಟಿಗೆ ದಾರಿ, ಮಧ್ಯ ಒಂದು ಹಳ್ಳ ಬೇರೆ, ಜುಲೈಲಿ ನೀರು ದಾರಿ ಮೇಲೇ ಹರೀತದೆ. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಶಿವಮೊಗ್ಗ_ವಿ12

ಮೊದಲ್ನೇ ಪ್ರಶ್ನೆಗೆ ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದೆ. ದುಡ್ಡಿಗೆ ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು ಆದ್ರೆ ಆ ದುಡ್ಡು ಯಾಕೆ ಅಷ್ಟು ಅರ್ಜೆಂಟಾಗಿ ಬೇಕಾಯ್ತು ಅನ್ನೋದೇ ಇದರಲ್ಲಿ ಕಥೆ.

1990ರ ದಶಕದ ಶುರುವಲ್ಲಿ ಪೋರ್ಷೆ ಮುಳುಗೋ ಸ್ಥಿತೀಲಿತ್ತು. 911 ಅನ್ನೋ ಸ್ಪೋರ್ಟ್ಸ್ ಕಾರೊಂದನ್ನೇ ನಂಬ್ಕೊಂಡು ಕಂಪನಿ ನಡೆಯೋ ಹಾಗಿರ್ಲಿಲ್ಲ. 1996ರಲ್ಲಿ ಬಾಕ್ಸ್‌ಸ್ಟರ್ ಬಂದು ಸ್ವಲ್ಪ ಉಸಿರಾಡಿದ್ರು, ಆಮೇಲೆ 2002ರಲ್ಲಿ ಕಯೆನ್ ಅನ್ನೋ ಎಸ್‌ಯುವಿ ತಂದ್ರು. ಅದನ್ನ ಒಬ್ರೇ ಮಾಡಿದ್ದಲ್ಲ, ಫೋಕ್ಸ್‌ವ್ಯಾಗನ್ ಟೂರೆಗ್ ಜೊತೆ ಸೇರಿ ಮಾಡಿದ್ದು, ಖರ್ಚು ಹಂಚ್ಕೊಂಡ್ರು. ಆಗ 911 ಅಭಿಮಾನಿಗಳು ಬೈದಿದ್ದು ಅಷ್ಟಿಷ್ಟಲ್ಲ. ಈಗ ಲೆಕ್ಕ ನೋಡಿ, 2024ರಲ್ಲಿ ಪ್ರಪಂಚಕ್ಕೆಲ್ಲ ಸೇರಿ ಪೋರ್ಷೆ ಕೊಟ್ಟಿದ್ದು ಸುಮಾರು 3 ಲಕ್ಷದ 10 ಸಾವಿರ ಗಾಡಿ, ಅದರಲ್ಲಿ ಕಯೆನ್ ಒಂದೇ 1 ಲಕ್ಷ ದಾಟಿದೆ, ಅವರದೇ ಇನ್ನೊಂದು ಎಸ್‌ಯುವಿ ಮಕಾನ್ 80 ಸಾವಿರದ ಮೇಲೆ, 911 ಸುಮಾರು 51 ಸಾವಿರ. ಕಯೆನ್ ಬಂದಿಲ್ದೇ ಇದ್ರೆ ಇವತ್ತು 911 ಈ ಥರ ಇರ್ತಿತ್ತು ಅಂತ ನಂಗೆ ಅನ್ಸಲ್ಲ.

ಆದ್ರೆ ಪೋರ್ಷೆನೇ ಮೊದ್ಲು ಅಂತ ತಿಳ್ಕೋಬೇಡಿ. ರೇಂಜ್ ರೋವರ್ 1970ರದ್ದು. 90ರ ದಶಕದಲ್ಲಿ ಅಮೆರಿಕದಲ್ಲಿ ಎಸ್‌ಯುವಿ ಹುಚ್ಚು ಹತ್ತಿದಾಗ ಮರ್ಸಿಡಿಸ್ 1997ರಲ್ಲಿ ಎಂ ಕ್ಲಾಸ್ ತಂತು, ಅದನ್ನ ಕಟ್ಟಿದ್ದೂ ಅಲ್ಲೇ ಅಲಬಾಮಾದಲ್ಲಿ, 1998ರಲ್ಲಿ ಲೆಕ್ಸಸ್ ಆರ್‌ಎಕ್ಸ್, 1999ರಲ್ಲಿ ಬಿಎಂಡಬ್ಲ್ಯು ಎಕ್ಸ್5. ಅಲ್ಲಿನ ಕಾನೂನಲ್ಲಿ ಎಸ್‌ಯುವಿ ಕಾರಲ್ಲ, ಲೈಟ್ ಟ್ರಕ್ ಲೆಕ್ಕಕ್ಕೆ ಹೋಗ್ತದೆ, ಮೈಲೇಜ್ ನಿಯಮ ಕಾರಿಗಿಂತ ಸಡಿಲ, ಹಾಗಾಗಿ ದೊಡ್ಡ ಇಂಜಿನ್ ಹಾಕಿ ದೊಡ್ಡ ಬೆಲೆಗೆ ಮಾರೋಕೆ ದಾರಿ ಸಲೀಸಾಯ್ತು. ಆಮೇಲೆ ಚೀನಾ, ಗಲ್ಫ್, ನಮ್ಮ ದೇಶ. ನಮ್ಮಲ್ಲಂತೂ ಎತ್ತರ ಕೂರೋದು ಎಲ್ರಿಗೂ ಇಷ್ಟ, ವಯಸ್ಸಾದವರಿಗೆ ಬಗ್ಗಿ ಹತ್ತೋದು ತಪ್ತದೆ, ಹಂಪ್ ಬಂದ್ರೆ ಅಡಿ ತಾಗಲ್ಲ. ಒಂದೂವರೆ ಅಡಿ ಎತ್ತರದ ಸೀಟಿಗೆ ಕಾಲು ಚಾಚಿ ಇಳಿಯೋ ಸ್ಪೋರ್ಟ್ಸ್ ಕಾರನ್ನ ಮನೆಯವರೆಲ್ಲ ಸೇರಿ ಬಳಸೋಕಾಗಲ್ವಲ್ಲ, ದುಡ್ಡಿದ್ದವರು ವರ್ಷಕ್ಕೆ ನಾಲ್ಕು ಸಲ ಓಡ್ಸೋದನ್ನ ಬಿಟ್ಟು ದಿನಾ ಓಡ್ಸೋದನ್ನ ಕೇಳಿದ್ರು.

ಉಳಿದವರು ಒಬ್ರ ಹಿಂದೆ ಒಬ್ರು ಬಂದ್ರು. ಬೆಂಟ್ಲಿ ಬೆಂಟೇಗಾ 2015, ಲ್ಯಾಂಬೋರ್ಗಿನಿ ಉರುಸ್ 2017ರ ಡಿಸೆಂಬರ್, ರೋಲ್ಸ್ ರಾಯ್ಸ್ ಕಲಿನನ್ 2018, ಆಸ್ಟನ್ ಮಾರ್ಟಿನ್ ಡಿಬಿಎಕ್ಸ್ 2019, ಕೊನೆಗೆ ಫೆರಾರಿನೂ 2022ರಲ್ಲಿ ಪುರೋಸಾಂಗ್ವೆ ತಂತು, ಆದ್ರೆ ಅದನ್ನ ಅವರು ಎಸ್‌ಯುವಿ ಅಂತ ಕರೆಯೋಕೆ ಒಪ್ಪಲ್ಲ. ಲ್ಯಾಂಬೋರ್ಗಿನಿ 2017ರಲ್ಲಿ ಇಡೀ ವರ್ಷ ಕೊಟ್ಟಿದ್ದು 3,815 ಗಾಡಿ, 2019ರಲ್ಲಿ 8,205. ಎರಡೇ ವರ್ಷದಲ್ಲಿ ಡಬಲ್‌ಗಿಂತ ಜಾಸ್ತಿ, ಅದು ಉರುಸ್ ಇಂದ.

ನಿಮ್ಮಣ್ಣ ಹೇಳಿದ್ದು ಸರಿ, ಉರುಸ್, ಬೆಂಟೇಗಾ, ಈಗಿನ ಕಯೆನ್, ಕ್ಯೂ7, ಕ್ಯೂ8 ಎಲ್ಲ ಒಂದೇ ಗ್ರೂಪಿನ ಒಂದೇ ಪ್ಲಾಟ್‌ಫಾರ್ಮ್. ಲಾಭ ಇರೋದೇ ಅಲ್ಲಿ. ಅದನ್ನೇ ಸ್ವಲ್ಪ ತಿರುಗಿಸಿ ಯೋಚ್ನೆ ಮಾಡಿ, ಉರುಸ್ ತಗೊಂಡವರು ಕ್ಯೂ7ನ ಬುನಾದಿಗೆ ನಾಲ್ಕೈದು ಕೋಟಿ ಕೊಟ್ಟಿದ್ದಾರೆ, ಕ್ಯೂ7 ತಗೊಂಡವರಿಗೆ ಲ್ಯಾಂಬೋರ್ಗಿನಿ ಏನೂ ಸಿಕ್ಕಿಲ್ಲ.

ಭದ್ರಾವತಿ_911

ಮೇಲಿನವರು ಲೆಕ್ಕ ಎಲ್ಲ ಸರಿ ಕೊಟ್ಟಿದ್ದಾರೆ ಆದ್ರೂ ನಂಗೆ ಬೇಜಾರಿದೆ ಸರ್. ಚಿಕ್ಕಂದಿನಲ್ಲಿ ಗೋಡೆಗೆ ಅಂಟಿಸ್ಕೊಂಡಿದ್ದು ಲ್ಯಾಂಬೋರ್ಗಿನಿ ಕೌಂಟಾಶ್ ಸ್ಪೋರ್ಟ್ಸ್ ಕಾರಿನ ಪೋಸ್ಟರ್, ಯಾವ ಹುಡುಗನೂ ಎಸ್‌ಯುವಿ ಪೋಸ್ಟರ್ ಅಂಟಿಸ್ಕೊಂಡಿರ್ಲಿಲ್ಲ. ಎರಡು ಟನ್ನಿಗೂ ಮೇಲೆ ತೂಕ ಇರೋ ಗಾಡಿಗೆ 650 ಕುದುರೆ ಶಕ್ತಿಯ ಇಂಜಿನ್ ಹಾಕಿ ಸ್ಪೋರ್ಟ್ಸ್ ಅಂತ ಮಾರೋದು ಆ ಹೆಸರಿಗೆ ಮಾಡೋ ಅನ್ಯಾಯ. ಕಂಪನಿ ಉಳೀಲಿ, ಒಪ್ತೀನಿ, ಆದ್ರೆ ಹೆಸರು ಉಳೀಬೇಕಲ್ವಾ. ಮುಂದೆ ಒಂದು ದಿನ ಎಸ್‌ಯುವಿ ಮಾತ್ರ ಲಾಭ ಅಂತ ಆದಾಗ ತಗ್ಗಿನ ಕಾರನ್ನ ಯಾರು ಮಾಡ್ತಾರೆ?

ಶಿವಮೊಗ್ಗ_ವಿ12

ನಿಮ್ಮ ಬೇಜಾರು ಅರ್ಥ ಆಗ್ತದೆ ಸರ್, ಆದ್ರೆ ಅದೇ ಲ್ಯಾಂಬೋರ್ಗಿನಿ 1986ರಲ್ಲೇ ಎಲ್‌ಎಂ002 ಅಂತ ಎಸ್‌ಯುವಿ ಮಾಡಿತ್ತು, ನಿಮ್ಮ ಪೋಸ್ಟರ್‌ನಲ್ಲಿದ್ದ ಕೌಂಟಾಶ್‌ನ ವಿ12 (12 ಸಿಲಿಂಡರ್) ಇಂಜಿನ್ನೇ ಅದಕ್ಕೂ, ಮರಳಲ್ಲಿ ಓಡೋಕೆ ಪಿರೆಲ್ಲಿಯವರು ಟೈರ್ ಸ್ಪೆಷಲ್ಲಾಗಿ ಮಾಡಿಕೊಟ್ಟಿದ್ರು. ಮಾರಾಟ ಆಗಿದ್ದು ಹೆಚ್ಚು ಕಮ್ಮಿ 300. ಎಸ್‌ಯುವಿ ಮಾಡಿ ಹೆಸರು ಕೆಟ್ಟಿಲ್ಲ. ಇನ್ನು ನೀವು ಕೇಳಿದ್ದಕ್ಕೆ, ಪುರೋಸಾಂಗ್ವೆ ಒಟ್ಟು ಉತ್ಪಾದನೇಲಿ 20 ಪರ್ಸೆಂಟ್ ದಾಟಬಾರದು ಅಂತ ಫೆರಾರಿ ತಾನೇ ಗೆರೆ ಹಾಕ್ಕೊಂಡಿದೆ, ಟರ್ಬೋ ಇಲ್ದಿರೋ 6.5 ಲೀಟರ್ ವಿ12 ಅದರಲ್ಲಿ ಇನ್ನೂ ಬದುಕಿದೆ. ಹಾಗಿದ್ರೆ ನಂಗೆ ಒಪ್ಪಿಗೆ.

ಸಾಗರ_ಗ್ಯಾರೇಜ್

ಕೋಟಿ ಗಾಡಿ ಮಾತು ನೀವು ಮಾಡಿ, ತೋಟದವರ ಎರಡನೇ ಪ್ರಶ್ನೆಗೆ ನಾನು ಬರ್ತೀನಿ, ಅದು ನನ್ನ ದಿನನಿತ್ಯದ ಕೆಲ್ಸ.

ತಮ್ಮಾ, ಬ್ಯಾಡ್ಜ್ ನೋಡೋಕೆ ಮುಂಚೆ ಟೈರಿನ ಪಕ್ಕ ಕೂತು ಅದರ ಮೇಲೆ ಬರೆದಿರೋ ನಂಬರ್ ಓದು. ಫಾರ್ಚೂನರ್‌ಗೆ 265/60 ಆರ್18 ಅಂತಿರ್ತದೆ. 265 ಅಂದ್ರೆ ಮಿಲಿಮೀಟರಲ್ಲಿ ಟೈರಿನ ಅಗಲ, 60 ಅಂದ್ರೆ ಆ ಅಗಲದಲ್ಲಿ 60 ಪರ್ಸೆಂಟ್ ಪಕ್ಕದ ರಬ್ಬರ್ ಎತ್ತರ, 159 ಮಿಲಿಮೀಟರ್ ಆಯ್ತು. ಉರುಸ್‌ಗೆ 22 ಇಂಚಿನ ರಿಮ್ ಹಾಕಿದ್ರೆ ಮುಂದೆ 285/40, ಲೆಕ್ಕ ಹಾಕು, 114. ಅಂದ್ರೆ ಹೊಂಡಕ್ಕೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ಮಧ್ಯ ಇರೋ ರಬ್ಬರ್ ನಾಲ್ಕೂವರೆ ಸೆಂಟಿಮೀಟರ್ ಕಮ್ಮಿ. ಮಳೆಗಾಲದಲ್ಲಿ ಹೊಂಡದ ಆಳ ನೀರಲ್ಲಿ ಕಾಣಲ್ಲ, ಟಾರ್ ಅಂಚು ಕಿತ್ತಿರ್ತದೆ, ಆ ಅಂಚಿಗೆ ಹೊಡೆದ್ರೆ ಮೊದ್ಲು ಟೈರಿನ ಪಕ್ಕದಲ್ಲಿ ಮೊಟ್ಟೆ ಥರ ಊದ್ಕೊಳ್ತದೆ, ಆಮೇಲೆ ರಿಮ್ ಬೆಂಡು. ಹೋದ ಮಳೆಗಾಲದಲ್ಲಿ ಒಂದು ಜರ್ಮನ್ ಗಾಡಿ ಹೀಗೇ ಒಂದೇ ಹೊಂಡಕ್ಕೆ ಎಡಗಡೆ ಎರಡೂ ಟೈರ್ ಕಳ್ಕೊಂಡು ನಮ್ಮಲ್ಲಿಗೆ ಬಂತು, ಆ ಸೈಜ್ ಸಾಗರದಲ್ಲೂ ಇಲ್ಲ ಶಿವಮೊಗ್ಗದಲ್ಲೂ ಇಲ್ಲ, ಬೆಂಗಳೂರಿಂದ ತರಿಸೋ ತನಕ ಪಾಪ ಅವರು ಬಸ್ಸಲ್ಲಿ ಓಡಾಡಿದ್ರು. ಸ್ಟೆಪ್ನಿ ಜಾಗದಲ್ಲಿ ಸಣ್ಣ ಟೈರ್, ಅದರಲ್ಲಿ 80 ದಾಟೋ ಹಾಗಿಲ್ಲ.

ಸಣ್ಣ ರಿಮ್ ಹಾಕಿಸ್ತೀನಿ ಅಂದ್ರೆ ಕೆಲವಕ್ಕೆ ಆಗ್ತದೆ, ಉರುಸ್ ಅಂಥದಕ್ಕೆ ಆಗಲ್ಲ, ಅದರ ಮುಂದಿನ ಬ್ರೇಕ್ ಡಿಸ್ಕೇ 440 ಮಿಲಿಮೀಟರ್, 18 ಇಂಚಿನ ರಿಮ್ ಒಳಗೆ ಅದು ಕೂರೋದೇ ಇಲ್ಲ.

ಎರಡನೇದು ಏರ್ ಸಸ್ಪೆನ್ಷನ್. ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರ್ತದೆ, ಬಟನ್ ಒತ್ತಿದ್ರೆ ಗಾಡಿ ಮೇಲೇಳ್ತದೆ, ಹೊಸದರಲ್ಲಿ ನಮ್ಮ ರೋಡಿಗೆ ಅದಕ್ಕಿಂತ ಒಳ್ಳೇದಿಲ್ಲ, ನಾನು ಅದನ್ನ ಹೊಗಳ್ತೀನೇ. ಆದ್ರೆ ಹತ್ತು ವರ್ಷ ಹಳೇ ಗಾಡೀಲಿ ಆ ರಬ್ಬರಿನ ಮಡಿಕೇಲಿ ಕೆಂಪು ಮಣ್ಣು ಕೂತು ಬಿರುಕು ಬಿಟ್ಟಿರ್ತದೆ, ಅದು ಯಾವ ಕಂಪನೀದಾದ್ರೂ ಅಷ್ಟೇ. ನೋಡೋಕೆ ಹೋದಾಗ ರಾತ್ರಿ ನಿಲ್ಸಿದ ಗಾಡೀನ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ನೋಡಬೇಕು. ಒಂದು ಮೂಲೆ ಕೂತಿದ್ರೆ ಗಾಳಿ ಸೋರ್ತಿದೆ ಅಂತ. ಹಾಗೇ ಓಡ್ಸಿದ್ರೆ ಕಂಪ್ರೆಸರ್ ಪೂರ್ತಿ ಹೊತ್ತು ಗಾಳಿ ತುಂಬ್ತಾ ಅದೂ ಸುಟ್ಟು ಹೋಗ್ತದೆ. ಮಾರೋರು ಗಾಡಿ ಸ್ಟಾರ್ಟ್ ಮಾಡೇ ಇಟ್ಟಿದ್ರೆ ವಾಪಸ್ ಬಂದ್ಬಿಡು.

ಹೊಸನಗರ_ಘಾಟಿ

ಅಗಲದ ಬಗ್ಗೆ ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದೀನಿ. ನಾನು ಕೆಲಸದ ಮೇಲೆ ಹುಲಿಕಲ್ ಘಾಟಿ ಇಳಿದು ಹತ್ತೋಳು, ನನ್ನದು ಸಣ್ಣ ಕಾರೇ. ಉರುಸ್ ಕನ್ನಡಿ ಬಿಟ್ಟೇ 2 ಮೀಟರ್ ದಾಟ್ತದೆ, ಫಾರ್ಚೂನರ್ 1.85 ಮೀಟರ್. ನಮ್ಮ ಹಳ್ಳಿ ಸಿಂಗಲ್ ರೋಡು ಸರಿಯಾಗಿ ಮಾಡಿದ್ರೇ 3.75 ಮೀಟರ್ ಟಾರು, ಹಳೇವು ಇನ್ನೂ ಸಣ್ಣ. ಎದುರು ಬಸ್ ಬಂದ್ರೆ ಒಂದು ಕಡೆ ಚಕ್ರ ಟಾರಿಂದ ಇಳೀಲೇಬೇಕು, ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಚರಂಡಿ, ಚರಂಡಿ ಮೇಲೆ ಹುಲ್ಲು ಬೆಳೆದು ಮುಚ್ಚಿರ್ತದೆ. ಅಗಲ ಗಾಡೀಲಿ ಎಡಗಡೆ ಚಕ್ರ ಎಲ್ಲಿದೆ ಅನ್ನೋದೇ ಅಂದಾಜು ಸಿಗಲ್ಲ, ಕ್ಯಾಮೆರಾಗೆ ಕೆಸರು ಹತ್ತಿದ್ ಮೇಲೆ ಅದೂ ಇಲ್ಲ.

ಇಳಿಯೋದು ಇನ್ನೊಂದು. ಕಲಿನನ್ ತೂಕ 2,600 ಕೆಜಿ ಮೇಲೆ. ಆಗುಂಬೆ ಇಳಿವಾಗ ಒಂದಾದ ಮೇಲೊಂದು ಹೇರ್‌ಪಿನ್, ಆಟೋಮ್ಯಾಟಿಕ್ ಗಾಡೀನ ಡಿ (ಡ್ರೈವ್) ಅಲ್ಲೇ ಬಿಟ್ಟು ಬ್ರೇಕ್ ಒತ್ಕೊಂಡು ಬರೋರನ್ನ ನೋಡ್ತಿರ್ತೀನಿ, ಕೆಳಗೆ ಬರೋ ಹೊತ್ತಿಗೆ ಸುಟ್ಟ ವಾಸನೆ. ಯಾವ ಗಾಡಿ ತಗೊಂಡ್ರೂ ಅಪ್ಪಯ್ಯಂಗೆ ಗೇರ್ ಇಳಿಸಿ ಇಂಜಿನ್ ಮೇಲೆ ತಡೆಯೋದನ್ನ ಹೇಳಿಕೊಡಿ, ಬೊಲೆರೊ ಓಡ್ಸಿದವರಿಗೆ ಅದು ಅಭ್ಯಾಸ ಇರ್ತದೆ, ಆಟೋಮ್ಯಾಟಿಕ್‌ಗೆ ಬಂದಾಗ ಮರೆತು ಹೋಗ್ತದೆ.

ಕೊಪ್ಪ_ಎಸ್ಟೇಟ್

ಎಲ್ಲಾ ಲಕ್ಷುರಿ ಎಸ್‌ಯುವಿನೂ ಒಂದೇ ಚೀಲಕ್ಕೆ ತುಂಬಬೇಡಿ. ಬಿಎಂಡಬ್ಲ್ಯು ಎಕ್ಸ್1 ಇಲ್ಲಿ ಮಾರೋ ಎಸ್‌ಡ್ರೈವ್ ಗಾಡಿ ಮುಂದಿನ ಎರಡೇ ಚಕ್ರಕ್ಕೆ ಪವರ್, ಜಾರೋ ಏರಿನಲ್ಲಿ ಅದು ಸಾಧಾರಣ ಕಾರೇ. ಲ್ಯಾಂಡ್ ರೋವರ್ ಡಿಫೆಂಡರ್ ನೋಡಿ, ಏರ್ ಸಸ್ಪೆನ್ಷನ್ ಇದ್ರೆ 900 ಮಿಲಿಮೀಟರ್ ನೀರಲ್ಲಿ ದಾಟ್ತದೆ ಅಂತ ಕಂಪನಿನೇ ಕೊಟ್ಟ ಲೆಕ್ಕ, ಕಡಿದಾದ ಏರಿಗೆ, ಕೆಸರಿಗೆ ನಿಧಾನಕ್ಕೆ ಜೋರಾಗಿ ಎಳೆಯೋ ಲೋ ರೇಂಜ್ ಗೇರೂ ಇದೆ. ಅದು ಕೆಲ್ಸದ ಗಾಡಿಯಾಗಿ ಹುಟ್ಟಿ ಆಮೇಲೆ ಲಕ್ಷುರಿ ಆಗಿದ್ದು, ಉರುಸ್ ಸ್ಪೋರ್ಟ್ಸ್ ಕಾರ್ ಕಡೆಯಿಂದ ಬಂದು ಎತ್ತರ ಆಗಿದ್ದು. ನಮ್ಮ ಕಡೆಗೆ ಈ ವ್ಯತ್ಯಾಸನೇ ಮುಖ್ಯ. ಕ್ಯೂ7 ನಾಲ್ಕೂ ಚಕ್ರಕ್ಕೆ ಪವರ್ ಕೊಡ್ತದೆ, ಘಾಟಿ ಟಾರಿನ ಮೇಲೆ ಮಳೇಲಿ ಅದರಷ್ಟು ಗಟ್ಟಿಯಾಗಿ ಕೂರೋ ಗಾಡಿ ಕಮ್ಮಿ, ಬೆಂಗಳೂರಿಗೆ ಹೋಗಿ ಬರೋಕೆ ಫಾರ್ಚೂನರ್‌ಗಿಂತ ಎಷ್ಟೋ ಮೇಲು. ಲೋ ರೇಂಜ್ ಇಲ್ಲ. ನಿಮ್ಮ ಹಳ್ಳದಲ್ಲಿ ನೀರು ಮೊಣಕಾಲಿಗೆ ಬಂದ ದಿನ ನಾನಾದ್ರೆ ಅದನ್ನ ಇಳಿಸಲ್ಲ.

ತೀರ್ಥಹಳ್ಳಿ_ತೋಟ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಣ್ಣಂಗೆ ಲಿಂಕ್ ಕಳ್ಸಿದೀನಿ, ಟೈರ್ ನಂಬರಿನ ಫೋಟೋ ತೆಗೆಸಿ ಕಳ್ಸು ಅಂದೆ. ಬೆಂಗಳೂರಲ್ಲಿ ಅವನ ಓಡಾಟಕ್ಕೆ ಅವನೇ ಬೇಕಾದ್ರೆ ಕ್ಯೂ7 ತಗೊಳ್ಳಲಿ, ಮನೆ ಗಾಡಿ ಮಾತ್ರ ಹಳ್ಳ ದಾಟೋದೇ ಆಗಬೇಕು, ಅಮ್ಮಂಗೆ ಆಸ್ಪತ್ರೆಗೆ ಹೋಗಬೇಕಂದ್ರೂ ಅದೇ ದಾರಿ. ಇನ್ನೊಂದು, ದೆಹಲಿ ಗಾಡಿ ಅಷ್ಟು ಕಮ್ಮಿಗೆ ಎಂತಕ್ಕೆ ಸಿಗ್ತದೆ, ಏನಾದ್ರೂ ಮೋಸ ಇರ್ತದಾ?

ಸಾಗರ_ಗ್ಯಾರೇಜ್

ಮೋಸ ಇರಲೇಬೇಕಂತಿಲ್ಲ. ದೆಹಲೀಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡ್ಸೋ ಹಾಗಿಲ್ಲ ಅನ್ನೋ ರೂಲ್ ಬಂದಾಗಿಂದ ಅಲ್ಲಿನವರು ಮೊದ್ಲೇ ಕೈ ತೊಳ್ಕೊಳ್ತಾರೆ, ಅದಕ್ಕೇ ರೇಟ್ ಕಮ್ಮಿ. ಆಡಿಯವರು 2020ರ ಏಪ್ರಿಲ್‌ಗೆ ಬಿಎಸ್6 ಹೊಗೆ ನಿಯಮ ಬಂದಾಗ ಇಂಡಿಯಾದಲ್ಲಿ ಡೀಸೆಲ್ಲೇ ನಿಲ್ಸಿದ್ರು, ಹಾಗಾಗಿ ಡೀಸೆಲ್ ಕ್ಯೂ7 ಅಂದ್ರೆ ಅದಕ್ಕಿಂತ ಹಳೇದೇ. ದೆಹಲಿಯಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತರಬೇಕು, ಇಲ್ಲಿ ಆರ್‌ಟಿಒದಲ್ಲಿ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಹೊಸದಾದ್ರೆ 20 ಲಕ್ಷ ದಾಟಿದ ಗಾಡಿಗೆ 18 ಪರ್ಸೆಂಟ್, ಮೇಲೆ ಸೆಸ್, ಹಳೇದಕ್ಕೆ ವಯಸ್ಸು ನೋಡಿ ಕಮ್ಮಿ ಮಾಡ್ತಾರೆ, ಆದ್ರೆ ಅದನ್ನ ನೀನು ಕೊಟ್ಟ ಬೆಲೆ ಮೇಲಲ್ಲ, ಗಾಡಿಯ ಹೊಸ ಬೆಲೆ ಲೆಕ್ಕದಲ್ಲಿ ಹಿಡೀತಾರೆ. ಎಷ್ಟಾಗ್ತದೆ ಅಂತ ಶಿವಮೊಗ್ಗ ಆರ್‌ಟಿಒದಲ್ಲಿ ಮೊದ್ಲೇ ಬರೆಸ್ಕೊಂಡು ಬಾ, ಅಣ್ಣ ಅಡ್ವಾನ್ಸ್ ಕೊಡೋದು ಅದಾದ ಮೇಲೆ.