ಸೇನೆ ಕಳುಹಿಸುವ ಮತವೋ, ಸರ್ಕಾರ ಉಳಿಸುವ ಮತವೋ?

ಪ್ರಶ್ನೆ: 2001ರ ನವೆಂಬರ್ 16ರಂದು ಜರ್ಮನಿಯ ಚಾನ್ಸಲರ್ ಶ್ರೋಡರ್ ಅವರು 3,900 ಯೋಧರನ್ನು ವಿದೇಶಕ್ಕೆ ಕಳುಹಿಸುವ ನಿರ್ಣಯಕ್ಕೆ ವಿಶ್ವಾಸಮತವನ್ನೂ ಗಂಟುಹಾಕಿದರು. ಸೇನೆ ಕಳುಹಿಸಲು ಒಪ್ಪಿದ್ದ ವಿರೋಧ ಪಕ್ಷಗಳೇ ಅಂದು ವಿರುದ್ಧ ಮತ ಹಾಕಿದ್ದೇಕೆ?

ಉತ್ತರ 1: ಪರವಾಗಿ ಮತ ಹಾಕಿದ್ದರೆ ಶ್ರೋಡರ್ ಸರ್ಕಾರದಲ್ಲಿ ವಿಶ್ವಾಸ ಸೂಚಿಸಿದಂತಾಗುತ್ತಿತ್ತು. ಬೇಕಿದ್ದದ್ದು 334 ಮತ, ಬಂದದ್ದು 336. ಕಾರ್ಯಾಚರಣೆಯನ್ನು ಒಪ್ಪದ, ಸರ್ಕಾರದ ಮಿತ್ರಪಕ್ಷ ಗ್ರೀನ್ ಪಕ್ಷದ ಎಂಟು ಸದಸ್ಯರಲ್ಲಿ ನಾಲ್ವರು, ಸರ್ಕಾರ ಬೀಳಬಾರದೆಂದು, ಪರವಾಗಿ ಮತ ಹಾಕಿದರು. ಆತ್ಮಸಾಕ್ಷಿಯನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ ನನಗಿದು ಕಾಣುತ್ತದೆ.

ಪ್ರಶ್ನಿಸಿದವರು: ವಿಶ್ವಾಸಮತವನ್ನು ಗಂಟುಹಾಕದಿದ್ದರೆ ವಿರೋಧ ಪಕ್ಷಗಳ ಬೆಂಬಲದಿಂದಲೇ ನಿರ್ಣಯ ಗೆಲ್ಲುತ್ತಿತ್ತಲ್ಲವೇ?

ಉತ್ತರ 2: ಗೆಲ್ಲುತ್ತಿತ್ತು, ಆದರೆ ಮೈತ್ರಿಕೂಟಕ್ಕೆ ಸ್ವಂತ ಬಹುಮತವಿಲ್ಲವೆಂಬುದು ಬಯಲಾಗುತ್ತಿತ್ತು. ಅಂದಹಾಗೆ, ಇಂಥ ಕಾರ್ಯಾಚರಣೆಗೆ ಸಂಸತ್ತಿನ ಒಪ್ಪಿಗೆ ಬೇಕೆಂದು ಸಂವಿಧಾನ ನ್ಯಾಯಾಲಯ 1994ರಲ್ಲೇ ತೀರ್ಪಿತ್ತಿತ್ತು.